ಬಳೆಯ ಅಳತೆ, ಅಯಾನಿನ ಅಳತೆ: ಕ್ರೌನ್ ಈಥರ್ ಪಾಠದಲ್ಲಿ ಹೋಲಿಕೆಯನ್ನು ಕಟ್ಟುವುದು ಮತ್ತು ಪರೀಕ್ಷಿಸುವುದು

ಪೀಠಿಕೆ

ವಿಜ್ಞಾನ ಬೋಧನಾ ಪದ್ಧತಿಯ ತರಗತಿಯಲ್ಲಿ ನಾವು ಪ್ರಶಿಕ್ಷಣಾರ್ಥಿಗಳಿಗೆ ಮತ್ತೆ ಮತ್ತೆ ಹೇಳುವ ಮಾತೊಂದಿದೆ: ಕಣ್ಣಿಗೆ ಕಾಣದ್ದನ್ನು ಮಕ್ಕಳಿಗೆ ಗೊತ್ತಿರುವ ವಸ್ತುವಿಗೆ ಹೋಲಿಸಿ ಹೇಳಿ. ಸೂಕ್ಷ್ಮ ಬೋಧನೆಯಲ್ಲಿ ‘ಉದಾಹರಣೆಗಳೊಂದಿಗೆ ವಿವರಿಸುವ ಕೌಶಲ’ಕ್ಕೆ ಅಂಕ ಕೊಡುವಾಗಲೂ ಉದಾಹರಣೆ ಸರಳವೇ, ಪ್ರಸ್ತುತವೇ, ಆಸಕ್ತಿ ಮೂಡಿಸುತ್ತದೆಯೇ ಎಂದು ನೋಡುತ್ತೇವೆ. ಆದರೆ ಆ ಉದಾಹರಣೆ ಎಲ್ಲಿಯವರೆಗೆ ಸರಿ, ಎಲ್ಲಿಂದಾಚೆಗೆ ತಪ್ಪು ದಾರಿ ಹಿಡಿಸುತ್ತದೆ ಎಂಬುದನ್ನು ಶಿಕ್ಷಕರು ಮಕ್ಕಳಿಗೆ ತೋರಿಸಿದರೇ ಎಂದು ಕೇಳುವ ಅಂಕಣ ನಮ್ಮ ವೀಕ್ಷಣಾ ನಮೂನೆಯಲ್ಲಿಲ್ಲ.

ಈ ಕೊರತೆಯನ್ನು ಒಂದು ನಿಜವಾದ ಪಾಠದ ಮೂಲಕ ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ. ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗಾಗಿ ನಾನು ಸಿದ್ಧಪಡಿಸಿದ, ನಮ್ಮ ಪ್ರಶಿಕ್ಷಣಾರ್ಥಿಗಳು ಬೋಧನಾಭ್ಯಾಸದಲ್ಲಿ ತೆಗೆದುಕೊಂಡ ಮೂರು ಅವಧಿಗಳ ಪಾಠವಿದು. ವಿಷಯ ಸಾವಯವ ರಸಾಯನಶಾಸ್ತ್ರದ್ದು: ದೊಡ್ಡ ಉಂಗುರದ ಅಣುಗಳು, ಅವು ಕ್ರಿಯಾವರ್ಧಕಗಳಾಗಿ ಮಾಡುವ ಕೆಲಸ ಮತ್ತು ನಿರ್ದಿಷ್ಟ ಕೆಲಸಕ್ಕೆಂದೇ ರೂಪಿಸಿದ ಪಾಲಿಮರ್‌ಗಳು.

ಈ ಪಾಠ ಏಕೆ?

ಕ್ರೌನ್ ಈಥರ್ ಪರೀಕ್ಷೆಯಲ್ಲಿ ಬರುವ ವಿಷಯವಲ್ಲ. ಹಾಗಿರುವಾಗ ಮೂರು ಅವಧಿಗಳನ್ನು ಇದಕ್ಕೆ ಏಕೆ ಕೊಡಬೇಕು ಎಂದು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದು. ನನ್ನ ಉತ್ತರ ಹೀಗಿದೆ: ಇದು ಹೊಸ ಅಧ್ಯಾಯವಲ್ಲ, ಪುನರಾವರ್ತನೆಯ ಪಾಠ. ವಿಲಿಯಂಸನ್ ಈಥರ್ ತಯಾರಿಕೆಯನ್ನು ಮಕ್ಕಳು ಒಂದು ಅಧ್ಯಾಯದಲ್ಲಿ ಓದಿರುತ್ತಾರೆ. ಹ್ಯಾಲೋ ಆಲ್ಕೇನ್ ಜೊತೆ ಸಯನೈಡ್‌ನ ವರ್ತನೆ ಇನ್ನೊಂದರಲ್ಲಿ, ಲೋಹದ ಅಯಾನನ್ನು ಹಲವು ಕಡೆಯಿಂದ ಹಿಡಿಯುವ ಕೀಲೇಟ್ ಮತ್ತೊಂದರಲ್ಲಿ, ಒಂದನೆಯ ಮತ್ತು ಎರಡನೆಯ ದರ್ಜೆಯ ಕ್ರಿಯಾವೇಗ ಮಗದೊಂದರಲ್ಲಿ ಬರುತ್ತವೆ. ನಾಲ್ಕೂ ನಾಲ್ಕು ಡಬ್ಬಿಗಳಲ್ಲಿ ಮುಚ್ಚಿಟ್ಟಂತೆ ಉಳಿಯುತ್ತವೆ. ಈ ಪಾಠದಲ್ಲಿ ನಾಲ್ಕೂ ಒಟ್ಟಿಗೆ ಬೇಕಾಗುತ್ತವೆ. ಯಾವ ಡಬ್ಬಿ ಖಾಲಿಯಿದೆ ಎಂಬುದು ಶಿಕ್ಷಕರಿಗೂ ತಿಳಿಯುತ್ತದೆ.

ಕಲಿಕೆಯ ಉದ್ದೇಶಗಳನ್ನು ನಾನು ಮೂರಕ್ಕೆ ಸೀಮಿತಗೊಳಿಸಿದ್ದೇನೆ. ಪಾಠದ ಕೊನೆಗೆ ವಿದ್ಯಾರ್ಥಿಯು,

1. ಒಂದೇ ಬಗೆಯ ತುದಿಗಳಿರುವ ಅಣು ಯಾವಾಗ ಉಂಗುರವಾಗುತ್ತದೆ, ಯಾವಾಗ ಸರಪಳಿಯಾಗುತ್ತದೆ ಎಂಬುದನ್ನು ಕ್ರಿಯಾವೇಗದ ಆಧಾರದಲ್ಲಿ ವಿವರಿಸುವನು.
2. ‘ಗಾತ್ರ ಹೊಂದಿದರೆ ಹಿಡಿತ ಹೆಚ್ಚು’ ಎಂಬ ಹೇಳಿಕೆಯನ್ನು ಅಂಕಿ ಅಂಶಗಳೊಂದಿಗೆ ಹೋಲಿಸಿ ಅದರ ಮಿತಿಯನ್ನು ಗುರುತಿಸುವನು.
3. ಕ್ರಿಯಾವರ್ಧಕವಾಗಿ ಉಂಗುರವು ಮಾಡುವ ಕೆಲಸವನ್ನು, ನೀರು ಹೀರುವ ಪಾಲಿಮರ್ ಉಪ್ಪಿಗೆ ತೋರುವ ವರ್ತನೆಯನ್ನು ಕಾರಣಸಹಿತ ಹೇಳುವನು.

ಮೊದಲ ಅವಧಿ: ಉಂಗುರವೋ, ಸರಪಳಿಯೋ?

ಪೀಠಿಕೆಗೆ ಚಾರ್ಲ್ಸ್ ಪೆಡರ್ಸನ್ ಅವರ ಕಥೆ ಸಾಕು. ಕೊರಿಯಾದ ಬುಸಾನ್‌ನಲ್ಲಿ 1904ರಲ್ಲಿ ಹುಟ್ಟಿದ ಇವರು ಅಮೆರಿಕದ ಡ್ಯುಪಾಂಟ್ ಕಂಪನಿಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದರು. ಡಾಕ್ಟರೇಟ್ ಪಡೆದವರಲ್ಲ. 1962ರಲ್ಲಿ ವನೇಡಿಯಂ ಇರುವ ಅಯಾನನ್ನು ಹಿಡಿಯುವ ಒಂದು ಸಂಯುಕ್ತವನ್ನು ತಯಾರಿಸಲು ಹೊರಟಿದ್ದರು. ಅವರ ಆರಂಭಿಕ ವಸ್ತುವಿನಲ್ಲಿ ಸ್ವಲ್ಪ ಕ್ಯಾಟೆಕಾಲ್ ಕಲ್ಮಶವಾಗಿ ಉಳಿದಿತ್ತು. ಕ್ರಿಯೆ ಮುಗಿದಾಗ, ಬೇಕಾದ ವಸ್ತುವಿನ ಜೊತೆಗೆ ನೂರಕ್ಕೆ 0.4ರಷ್ಟು ಇಳುವರಿಯಲ್ಲಿ ಬಿಳಿಯ, ನಾರಿನಂಥ ಹರಳುಗಳು ಸಿಕ್ಕವು. ಅವನ್ನು ಎಸೆಯದೆ ಪೆಡರ್ಸನ್ ಪರೀಕ್ಷಿಸಿದರು. ಮೆಥನಾಲ್‌ನಲ್ಲಿ ಅಷ್ಟಾಗಿ ಕರಗದ ಆ ಹರಳು ಸೋಡಿಯಂ ಲವಣ ಹಾಕಿದೊಡನೆ ಕರಗತೊಡಗಿತು.

ಕಥೆಯನ್ನು ಇಲ್ಲಿಗೆ ನಿಲ್ಲಿಸಬೇಕು. ‘ಲವಣ ಸೇರಿಸಿದರೆ ಸಾವಯವ ವಸ್ತು ಹೆಚ್ಚು ಕರಗುವುದು ಏಕೆ?’ ಎಂಬ ಪ್ರಶ್ನೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು ಹಾಗೇ ಬಿಡಬೇಕು. ಉತ್ತರ ಎರಡನೆಯ ಅವಧಿಗೆ.

ಆ ಹರಳಿನ ರಚನೆಯನ್ನು ಹಲಗೆಯ ಮೇಲೆ ಬರೆದು ಉಂಗುರದ ಪರಮಾಣುಗಳನ್ನು ಮಕ್ಕಳೇ ಎಣಿಸಲಿ. ಎರಡು ಕ್ಯಾಟೆಕಾಲ್ ಮತ್ತು ಎರಡು ಡೈಕ್ಲೋರೋ ಈಥರ್ ತುಂಡುಗಳು ವಿಲಿಯಂಸನ್ ವಿಧಾನದಲ್ಲಿ ಸೇರಿವೆ. ಉಂಗುರದಲ್ಲಿ 12 ಇಂಗಾಲ, 6 ಆಕ್ಸಿಜನ್, ಒಟ್ಟು 18. ಅದಕ್ಕೇ ಹೆಸರು ಡೈಬೆಂಜೊ-18-ಕ್ರೌನ್-6. ಅಯಾನಿನ ತಲೆಯ ಮೇಲೆ ಕಿರೀಟ ಇಟ್ಟಂತೆ ಮಾದರಿ ಕಂಡದ್ದರಿಂದ ‘ಕ್ರೌನ್’. ಹೆಸರಿನಲ್ಲೇ ಎಣಿಕೆಯಿದೆ ಎಂದು ತಿಳಿದ ಮೇಲೆ ಮಕ್ಕಳು 15-ಕ್ರೌನ್-5, 12-ಕ್ರೌನ್-4 ಎಂಬ ಹೆಸರುಗಳನ್ನು ತಾವೇ ಬಿಡಿಸುತ್ತಾರೆ.

ಈಗ ಮುಖ್ಯ ಪ್ರಶ್ನೆ. ಎರಡು ತುದಿಯಲ್ಲೂ ಕ್ರಿಯೆ ನಡೆಸಬಲ್ಲ ಅಣು ತನ್ನದೇ ಬಾಲವನ್ನು ಹಿಡಿದರೆ ಉಂಗುರ. ಪಕ್ಕದ ಅಣುವನ್ನು ಹಿಡಿದರೆ ಸರಪಳಿ, ಅದೇ ಬೆಳೆದರೆ ಪಾಲಿಮರ್. ಯಾವುದು ನಡೆಯುತ್ತದೆ?

ದಾರದ ಚಟುವಟಿಕೆ: ಒಂದೇ ಬಣ್ಣದ, ಒಂದು ಗೇಣು ಉದ್ದದ ದಾರದ ತುಂಡುಗಳು ಮತ್ತು ನಾಲ್ಕು ಬಟ್ಟೆ ಚೀಲಗಳು ಬೇಕು. ಚೀಲಗಳಲ್ಲಿ ಕ್ರಮವಾಗಿ 1, 2, 5, 10 ತುಂಡುಗಳನ್ನು ಹಾಕಿ ಚೆನ್ನಾಗಿ ಕಲಸಬೇಕು. ವಿದ್ಯಾರ್ಥಿ ಕಣ್ಣು ಮುಚ್ಚಿ ಚೀಲದಿಂದ ಯಾವುದಾದರೂ ಎರಡು ತುದಿಗಳನ್ನು ಹೊರತೆಗೆದು ಗಂಟು ಹಾಕಬೇಕು. ಅದು ಒಂದೇ ದಾರದ ಎರಡು ತುದಿಯಾಗಿದ್ದರೆ ಉಂಗುರ. ಪ್ರತಿ ತಂಡ ಇಪ್ಪತ್ತು ಸಲ ಮಾಡಿ ಪಟ್ಟಿ ಬರೆಯಲಿ.

ಆಮೇಲೆ ಲೆಕ್ಕ. ಹತ್ತು ದಾರಕ್ಕೆ ಇಪ್ಪತ್ತು ತುದಿ. ಒಂದನ್ನು ಕೈಯಲ್ಲಿ ಹಿಡಿದರೆ ಉಳಿದದ್ದು 19. ಅದರಲ್ಲಿ ತನ್ನದೇ ಬಾಲ ಒಂದು ಮಾತ್ರ. ಹಾಗಾಗಿ ಉಂಗುರವಾಗುವ ಸಂಭವ 19ರಲ್ಲಿ 1. ಐದು ದಾರಕ್ಕೆ 9ರಲ್ಲಿ 1, ಎರಡಕ್ಕೆ 3ರಲ್ಲಿ 1. ಒಂದೇ ದಾರವಿದ್ದರೆ ಉಂಗುರವೇ ಗತಿ. ನೆರೆಹೊರೆ ಕಡಿಮೆಯಾದಷ್ಟೂ ಉಂಗುರ ಹೆಚ್ಚು ಎಂಬ ಮಾತು ಮಕ್ಕಳ ಬಾಯಿಂದಲೇ ಬರುತ್ತದೆ.

ಇದನ್ನು ಕೂಡಲೇ ಕ್ರಿಯಾವೇಗದ ಭಾಷೆಗೆ ತರಬೇಕು. ಉಂಗುರ ಮುಚ್ಚುವುದು ಒಂದೇ ಅಣುವಿನ ಕೆಲಸ, ಆದ್ದರಿಂದ ಒಂದನೆಯ ದರ್ಜೆ: ವೇಗ ಸಾರತೆಗೆ ಅನುಗುಣ. ಸರಪಳಿ ಸೇರುವುದು ಎರಡು ಅಣುಗಳ ಕೆಲಸ, ಆದ್ದರಿಂದ ಎರಡನೆಯ ದರ್ಜೆ: ವೇಗ ಸಾರತೆಯ ವರ್ಗಕ್ಕೆ ಅನುಗುಣ. ದ್ರಾವಣವನ್ನು ಹತ್ತು ಪಟ್ಟು ತೆಳುವಾಗಿಸಿದರೆ ಉಂಗುರದ ವೇಗ ಹತ್ತರಲ್ಲಿ ಒಂದಾಗುತ್ತದೆ, ಸರಪಳಿಯ ವೇಗ ನೂರರಲ್ಲಿ ಒಂದಾಗುತ್ತದೆ. ಉಂಗುರದ ಪಾಲು ಸರಪಳಿಗಿಂತ ಹತ್ತು ಪಟ್ಟು ಸುಧಾರಿಸಿತು. ದೊಡ್ಡ ಉಂಗುರಗಳನ್ನು ಬಹಳ ತೆಳುವಾದ ದ್ರಾವಣದಲ್ಲಿ, ಆರಂಭಿಕ ವಸ್ತುವನ್ನು ಹನಿಹನಿಯಾಗಿ ಬಿಡುತ್ತ ತಯಾರಿಸುವುದು ಇದೇ ಕಾರಣಕ್ಕೆ. ಈ ತತ್ತ್ವಕ್ಕೆ ರುಗ್ಗ್ಲಿ ಮತ್ತು ತ್ಸೀಗ್ಲರ್ ಅವರ ಹೆಸರುಗಳಿವೆ.

ದಾರದ ಮಾದರಿ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಇಲ್ಲೇ ಕೇಳಬೇಕು. ಚೀಲದಲ್ಲಿ ಕಲಸಿದ ದಾರಕ್ಕೆ ಎಲ್ಲ ತುದಿಗಳೂ ಸಮಾನ. ಅಣುವಿಗೆ ಹಾಗಲ್ಲ. ಅದರ ಬಾಲ ಅದಕ್ಕೇ ಅಂಟಿಕೊಂಡಿದೆ, ದೂರ ಹೋಗಲಾರದು. ಜೊತೆಗೆ, ಬಾಲವನ್ನು ಹತ್ತಿರಕ್ಕೆ ಎಳೆದು ಹಿಡಿಯುವ ಸಹಾಯಕನೊಬ್ಬ ಇರಬಹುದು. 18-ಕ್ರೌನ್-6 ತಯಾರಿಸುವಾಗ ಪೊಟ್ಯಾಸಿಯಂ ಇರುವ ಪ್ರತ್ಯಾಮ್ಲ ಬಳಸಿದರೆ ಒಳ್ಳೆಯ ಇಳುವರಿ ಸಿಗುತ್ತದೆ. ಪೊಟ್ಯಾಸಿಯಂ ಬದಲು ದೊಡ್ಡದಾದ ಟೆಟ್ರಾಬ್ಯುಟೈಲ್ ಅಮೋನಿಯಂ ಅಯಾನು ಇದ್ದರೆ ಇಳುವರಿ ಬಹಳ ಇಳಿಯುತ್ತದೆ. ತೆರೆದ ಸರಪಳಿ ಪೊಟ್ಯಾಸಿಯಂ ಸುತ್ತ ಸುತ್ತಿಕೊಂಡು ಎರಡು ತುದಿಗಳೂ ಪಕ್ಕಪಕ್ಕ ಬರುತ್ತವೆ. ಇದಕ್ಕೆ ಅಚ್ಚಿನ ಪರಿಣಾಮ ಎನ್ನಬಹುದು. ಈ ಒಂದು ವಾಕ್ಯ ಮುಂದಿನ ಅವಧಿಗೆ ಸೇತುವೆ: ಉಂಗುರ ಮತ್ತು ಅಯಾನಿನ ನಡುವೆ ಏನೋ ಸಂಬಂಧವಿದೆ.

ಎರಡನೆಯ ಅವಧಿ: ಬಳೆಯ ಹೋಲಿಕೆ

ಕ್ರೌನ್ ಈಥರ್ ಬಗ್ಗೆ ಬರೆದ ಎಷ್ಟೋ ಪುಸ್ತಕಗಳು ಬೀಗ ಮತ್ತು ಕೀಲಿಕೈ ಎಂದು ಹೇಳುತ್ತವೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಅದರ ಬದಲು ಬಳೆಯನ್ನು ತಂದರು. ನನಗೆ ಅದು ಹೆಚ್ಚು ಇಷ್ಟವಾಯಿತು. ಬಳೆ ಅಂಗಡಿಯಲ್ಲಿ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಎಂದು ಅಳತೆಗಳಿರುವುದು ತರಗತಿಯ ಹುಡುಗಿಯರಿಗೆಲ್ಲ ಗೊತ್ತು. ಬಳೆಗಾರರು ಕೈ ಹಿಡಿದು ನೋಡಿಯೇ ಅಳತೆ ಹೇಳುತ್ತಾರೆ. ಚಿಕ್ಕದಾದರೆ ಕೈಗೆ ಏರದು, ದೊಡ್ಡದಾದರೆ ಜಾರಿ ಬೀಳುತ್ತದೆ.

ಇದರ ನಂತರ ಹಲಗೆಯ ಮೇಲೆ ಅಳತೆಗಳನ್ನು ಬರೆಯಲಾಯಿತು. ಅಯಾನುಗಳ ವ್ಯಾಸ: ಸೋಡಿಯಂ ಸುಮಾರು 204 ಪಿಕೋಮೀಟರ್, ಪೊಟ್ಯಾಸಿಯಂ ಸುಮಾರು 276. ಉಂಗುರಗಳ ಒಳಗಿನ ಜಾಗ: 12-ಕ್ರೌನ್-4ರಲ್ಲಿ 120ರಿಂದ 150, 15-ಕ್ರೌನ್-5ರಲ್ಲಿ 170ರಿಂದ 220, 18-ಕ್ರೌನ್-6ರಲ್ಲಿ 260ರಿಂದ 320. ಯಾವ ಅಯಾನಿಗೆ ಯಾವ ಬಳೆ ಎಂದು ಕೇಳಿದಾಗ ಇಡೀ ತರಗತಿ ಒಂದೇ ದನಿಯಲ್ಲಿ ಉತ್ತರಿಸಿತು: ಸೋಡಿಯಂಗೆ 15, ಪೊಟ್ಯಾಸಿಯಂಗೆ 18.

ಮೂಲೆಯಲ್ಲಿ ಉಳಿದಿದ್ದ ಪ್ರಶ್ನೆಗೂ ಉತ್ತರ ಸಿಕ್ಕಿತು. ಉಂಗುರದ ಆಕ್ಸಿಜನ್‌ಗಳು ಒಳಮುಖವಾಗಿ ಅಯಾನನ್ನು ಹಿಡಿಯುತ್ತವೆ. ಹಾಗೆ ಹಿಡಿದಾಗ ಇಡೀ ಜೋಡಿ ವಿದ್ಯುದಾವೇಶವುಳ್ಳದ್ದಾಗಿ ಮೆಥನಾಲ್‌ನಂಥ ಧ್ರುವೀಯ ದ್ರಾವಕದಲ್ಲಿ ಸುಲಭವಾಗಿ ಕರಗುತ್ತದೆ. ಹೊರಮೈಯಲ್ಲಿ ಇಂಗಾಲ ಮತ್ತು ಹೈಡ್ರೋಜನ್ ಇರುವುದರಿಂದ ಸಾವಯವ ದ್ರಾವಕಕ್ಕೂ ಲವಣವನ್ನು ಕರೆದೊಯ್ಯಬಲ್ಲದು.

ಸಾಮಾನ್ಯವಾಗಿ ಪಾಠ ಇಲ್ಲಿಗೆ ಮುಗಿಯುತ್ತದೆ. ಹೋಲಿಕೆ ಸರಳ, ಪ್ರಸ್ತುತ, ಆಸಕ್ತಿದಾಯಕ. ಪೂರ್ತಿ ಅಂಕ. ಆದರೆ ನಮ್ಮ ಯೋಜನೆಯಲ್ಲಿ ಇನ್ನೊಂದು ಪಟ್ಟಿ ಇತ್ತು. ಮೆಥನಾಲ್‌ನಲ್ಲಿ ಉಂಗುರವು ಅಯಾನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದನ್ನು ಹೇಳುವ ಸ್ಥಿರಾಂಕದ ಲಾಗ್ ಬೆಲೆಗಳು ಅವು. ದಶಾಂಶದ ಒಂದು ಸ್ಥಾನಕ್ಕೆ ಅಂದಾಜಿಸಿದರೆ ಹೀಗಿವೆ:

12-ಕ್ರೌನ್-4: ಸೋಡಿಯಂ 1.7, ಪೊಟ್ಯಾಸಿಯಂ 1.7
15-ಕ್ರೌನ್-5: ಸೋಡಿಯಂ 3.2, ಪೊಟ್ಯಾಸಿಯಂ 3.4
18-ಕ್ರೌನ್-6: ಸೋಡಿಯಂ 4.4, ಪೊಟ್ಯಾಸಿಯಂ 6.1

ಲಾಗ್ ಬೆಲೆಯಲ್ಲಿ 1 ಹೆಚ್ಚಾದರೆ ಹಿಡಿತ ಹತ್ತು ಪಟ್ಟು ಹೆಚ್ಚು ಎಂದು ಮೊದಲೇ ನೆನಪಿಸಬೇಕು. ಆಮೇಲೆ ಮಕ್ಕಳಿಗೆ ಎರಡು ನಿಮಿಷ ಬಿಟ್ಟುಬಿಡಬೇಕು. ಮೂರನೆಯ ಸಾಲು ಬಳೆಯ ಹೋಲಿಕೆಗೆ ಹೊಂದುತ್ತದೆ: 18ರ ಉಂಗುರ ಸೋಡಿಯಂಗಿಂತ ಪೊಟ್ಯಾಸಿಯಂ ಅನ್ನು ಸುಮಾರು ಐವತ್ತು ಪಟ್ಟು ಹೆಚ್ಚು ಇಷ್ಟಪಡುತ್ತದೆ. ಎರಡನೆಯ ಸಾಲು ಹೊಂದುವುದಿಲ್ಲ. ‘ಸೋಡಿಯಂನ ಬಳೆ’ ಎಂದು ನಾವು ಕರೆದ 15ರ ಉಂಗುರ ಕೂಡ ಅತಿ ಸ್ವಲ್ಪವಾದರೂ ಪೊಟ್ಯಾಸಿಯಂ ಕಡೆಗೇ ವಾಲುತ್ತದೆ. ಇನ್ನು ಸೋಡಿಯಂ ಕಂಬವನ್ನು ಮೇಲಿನಿಂದ ಕೆಳಗೆ ಓದಿ. ತನ್ನ ಅಳತೆಯ 15ರ ಉಂಗುರಕ್ಕಿಂತ, ತನಗೆ ಸಡಿಲವಾದ 18ರ ಉಂಗುರದಲ್ಲಿ ಸೋಡಿಯಂ ಹತ್ತು ಪಟ್ಟಿಗೂ ಹೆಚ್ಚು ಬಿಗಿಯಾಗಿ ಕುಳಿತಿದೆ. ಜಾರಿ ಬೀಳಬೇಕಿದ್ದ ಬಳೆ ಬಿಗಿಯಾಗಿದೆ!

ತರಗತಿಯಲ್ಲಿ ನಡೆದದ್ದು

ಇಲ್ಲಿ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಹಾಗಾದ್ರೆ ಇಷ್ಟೊತ್ತು ನೀವು ಹೇಳಿದ್ದು ಸುಳ್ಳಾ ಮೇಡಂ?”

ಪ್ರಶಿಕ್ಷಣಾರ್ಥಿ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ಸುಳ್ಳಲ್ಲಮ್ಮ. ಅರ್ಧ ಹೇಳಿದ್ದೆ. ಬಳೆ ಮತ್ತು ಕೈ ಮಾತ್ರ ನೋಡಿದ್ವಿ. ಇನ್ನೂ ಏನೇನು ನೋಡಬೇಕಿತ್ತು ಅಂತ ನೀವೇ ಯೋಚಿಸಿ.” ಅಷ್ಟರಲ್ಲಿ ಗಂಟೆ ಹೊಡೆಯಿತು.

ಹಿಂದಿನ ಬೆಂಚಿನಲ್ಲಿ ನನ್ನೊಂದಿಗೆ ಕುಳಿತಿದ್ದ ಹಿರಿಯ ಸಹೋದ್ಯೋಗಿಯೊಬ್ಬರು ವೀಕ್ಷಣಾ ನಮೂನೆಯಲ್ಲಿ ‘ಮುಕ್ತಾಯದಲ್ಲಿ ಗೊಂದಲ ಉಂಟಾಯಿತು’ ಎಂದು ಬರೆದು ಅಂಕ ಕಡಿಮೆ ಮಾಡಿದರು. ನಾನು ಅದೇ ಜಾಗದಲ್ಲಿ ಅಂಕ ಹೆಚ್ಚು ಕೊಟ್ಟಿದ್ದೆ. ನಮ್ಮಿಬ್ಬರ ನಡುವೆ ಸ್ಟಾಫ್ ರೂಮಿನಲ್ಲಿ ದೀರ್ಘ ಚರ್ಚೆಯಾಯಿತು. ಅವರ ವಾದವನ್ನು ಇಲ್ಲಿ ದಾಖಲಿಸುವುದು ನ್ಯಾಯ. ಪಿಯುಸಿ ಮಕ್ಕಳು ಪರೀಕ್ಷೆಯ ಒತ್ತಡದಲ್ಲಿದ್ದಾರೆ. ಅವರ ಮುಂದೆ ಒಂದು ನಿಯಮ ಕಟ್ಟಿ, ಅದನ್ನು ಕೆಡವಿ, ಬೇರೆ ಏನನ್ನೂ ಕೊಡದೆ ಮನೆಗೆ ಕಳಿಸಿದರೆ ಕೆಲವರು ಎರಡನ್ನೂ ಬಿಟ್ಟುಬಿಡುತ್ತಾರೆ. ಚುರುಕಾದವರಿಗೆ ಅದು ಪ್ರಶ್ನೆ, ಹಿಂದುಳಿದವರಿಗೆ ಅದು ಭಯ.

ಈ ಮಾತಿನಲ್ಲಿ ಸತ್ಯವಿದೆ. ಆದರೆ ಅದರಿಂದ ಬರುವ ತೀರ್ಮಾನ ‘ಪಟ್ಟಿಯನ್ನು ತೋರಿಸಬೇಡಿ’ ಎಂದಲ್ಲ, ‘ಪಟ್ಟಿಯನ್ನು ಕೊನೆಯ ಐದು ನಿಮಿಷಕ್ಕೆ ಇಟ್ಟುಕೊಳ್ಳಬೇಡಿ’ ಎಂದು ನನಗನಿಸುತ್ತದೆ. ಆ ಹುಡುಗಿಯ ಪ್ರಶ್ನೆ ಇಡೀ ಪಾಠದಲ್ಲಿ ಅತ್ಯಂತ ಮುಖ್ಯವಾದದ್ದು. ಶಿಕ್ಷಕರ ಮಾತು ಮತ್ತು ಅಳತೆಯ ಅಂಕಿ ಬೇರೆಯಾದಾಗ ಅವಳು ಅಂಕಿಯ ಪರ ನಿಂತಳು. ವಿಜ್ಞಾನ ಕಲಿಸುವುದೆಂದರೆ ಆ ಧೈರ್ಯವನ್ನು ಕಲಿಸುವುದಲ್ಲವೇ? ಅದಕ್ಕೆ ‘ಗೊಂದಲ’ ಎಂದು ಹೆಸರಿಟ್ಟು ಅಂಕ ಕಳೆದರೆ, ಮುಂದಿನ ಸಲ ಪ್ರಶಿಕ್ಷಣಾರ್ಥಿಗಳು ಪಟ್ಟಿಯನ್ನೇ ತರುವುದಿಲ್ಲ. ಹೋಲಿಕೆ ಸುರಕ್ಷಿತವಾಗಿರುತ್ತದೆ, ಮಕ್ಕಳು ಅದನ್ನೇ ರಸಾಯನಶಾಸ್ತ್ರವೆಂದು ನಂಬಿ ಹೋಗುತ್ತಾರೆ.

ಎರಡನೆಯ ಸಲ ಈ ಪಾಠ ನಡೆದಾಗ ಪಟ್ಟಿಯನ್ನು ಅವಧಿಯ ಮಧ್ಯದಲ್ಲಿಟ್ಟೆವು. ಉಳಿದ ಇಪ್ಪತ್ತು ನಿಮಿಷದಲ್ಲಿ ಮೂರು ಕಾರಣಗಳನ್ನು ಮಕ್ಕಳಿಂದಲೇ ಹೊರತರಲು ಸಾಧ್ಯವಾಯಿತು.

ಒಂದು: ಕೈಗೆ ಮೊದಲೇ ಗವಸು ಇದೆ. ದ್ರಾವಣದಲ್ಲಿ ಅಯಾನು ಬರಿಗೈಯಲ್ಲಿ ಇರುವುದಿಲ್ಲ, ದ್ರಾವಕದ ಅಣುಗಳು ಅದನ್ನು ಮುತ್ತಿರುತ್ತವೆ. ಬಳೆ ತೊಡುವ ಮುನ್ನ ಗವಸು ಕಳಚಬೇಕು. ನೀರಿನಲ್ಲಿ ಸೋಡಿಯಂನ ಜಲಯೋಜನ ಎಂಥಾಲ್ಪಿ ಮೋಲ್‌ಗೆ ಸುಮಾರು -406 ಕಿಲೋಜೂಲ್, ಪೊಟ್ಯಾಸಿಯಂನದು ಸುಮಾರು -330. ಚಿಕ್ಕ ಅಯಾನು ತನ್ನ ಗವಸನ್ನು ಹೆಚ್ಚು ಬಿಗಿಯಾಗಿ ಹಿಡಿದಿದೆ. ಮೆಥನಾಲ್‌ನಲ್ಲೂ ಕ್ರಮ ಇದೇ. ಪೊಟ್ಯಾಸಿಯಂ ಗವಸನ್ನು ಸುಲಭವಾಗಿ ಬಿಡುವುದರಿಂದ ಅದಕ್ಕೆ ಮೊದಲೇ ಒಂದು ಅನುಕೂಲವಿದೆ.

ಎರಡು: ಹಿಡಿಯುವ ಕೈಗಳ ಸಂಖ್ಯೆ. 15ರ ಉಂಗುರದಲ್ಲಿ ಐದು ಆಕ್ಸಿಜನ್, 18ರಲ್ಲಿ ಆರು. ಸೋಡಿಯಂಗೂ ಐದಕ್ಕಿಂತ ಆರು ಮೇಲು.

ಮೂರು: ಬಳೆ ಗಾಜಿನದೋ, ರಬ್ಬರಿನದೋ? 18-ಕ್ರೌನ್-6 ಗಾಜಿನ ಬಳೆಯಲ್ಲ, ಜಡೆಗೆ ಹಾಕುವ ರಬ್ಬರ್ ಬ್ಯಾಂಡಿನಂತೆ ಬಾಗುತ್ತದೆ. ಚಿಕ್ಕ ಸೋಡಿಯಂ ಬಂದರೆ ಮುದುಡಿಕೊಂಡು ಹಿಡಿಯುತ್ತದೆ. 15ರ ಉಂಗುರದ ಒಳಗೆ ಹಿಡಿಸದ ಪೊಟ್ಯಾಸಿಯಂ ಅದರ ಮೇಲೆ ಕುಳಿತುಕೊಳ್ಳುತ್ತದೆ.

ಮೂರನೆಯ ಕಾರಣ ಬಂದಾಗ ಕೇಳಬೇಕಾದ ಪ್ರಶ್ನೆ: ಹಾಗಿದ್ದರೆ ನಿಜವಾಗಿಯೂ ಗಾಜಿನ ಬಳೆಯಂತೆ ಬಾಗದ ಉಂಗುರ ಇದ್ದರೆ? ಇದಕ್ಕೆ ನಿಸರ್ಗದಲ್ಲೇ ಉತ್ತರವಿದೆ. ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ತಯಾರಿಸುವ ವ್ಯಾಲಿನೊಮೈಸಿನ್ 36 ಪರಮಾಣುಗಳ ಉಂಗುರ. ಒಳಗಿನ ಹೈಡ್ರೋಜನ್ ಬಂಧಗಳಿಂದ ಅದು ಕಡಗದಂತೆ ಮಡಿಸಿ ನಿಂತಿರುತ್ತದೆ. ಆರು ಆಕ್ಸಿಜನ್‌ಗಳು ಪೊಟ್ಯಾಸಿಯಂ ಅಳತೆಗೆ ಸರಿಯಾಗಿ ನಿಂತಿವೆ, ಸೋಡಿಯಂಗಾಗಿ ಒಳಗೆ ಕುಗ್ಗಲಾರವು. ಅದು ಪೊಟ್ಯಾಸಿಯಂ ಅನ್ನು ಸೋಡಿಯಂಗಿಂತ ಸುಮಾರು ಹತ್ತು ಸಾವಿರ ಪಟ್ಟು ಹೆಚ್ಚು ಆರಿಸಿಕೊಳ್ಳುತ್ತದೆ. ಡೊನಾಲ್ಡ್ ಕ್ರ್ಯಾಮ್ ಅವರು ತಯಾರಿಸಿದ ಬಿಗಿಯಾದ ಸ್ಫೆರಾಂಡ್ ಅಣುಗಳು ಲಿಥಿಯಂ, ಸೋಡಿಯಂಗಳನ್ನು ಬಲವಾಗಿ ಹಿಡಿದು ಪೊಟ್ಯಾಸಿಯಂ ಅನ್ನು ಹೊರಗೇ ನಿಲ್ಲಿಸುತ್ತವೆ. ಪೆಡರ್ಸನ್, ಕ್ರ್ಯಾಮ್ ಮತ್ತು ಜೀನ್-ಮೇರಿ ಲೆನ್ ಮೂವರಿಗೂ 1987ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಇಲ್ಲಿಗೆ ಬಳೆಯ ಹೋಲಿಕೆ ಮತ್ತೆ ಎದ್ದು ನಿಲ್ಲುತ್ತದೆ, ಆದರೆ ಷರತ್ತಿನೊಂದಿಗೆ: ಉಂಗುರ ಬಿಗಿಯಾಗಿದ್ದಷ್ಟೂ ಅಳತೆಯ ಮಾತು ನಿಜ. ಮೊದಲು ಹೇಳಿದ್ದಕ್ಕಿಂತ ಇದು ಉತ್ತಮ ನಿಯಮ. ಮಕ್ಕಳು ಬರಿಗೈಯಲ್ಲಿ ಮನೆಗೆ ಹೋಗಲಿಲ್ಲ. ನನ್ನ ಸಹೋದ್ಯೋಗಿಯ ಆಕ್ಷೇಪಕ್ಕೂ ಇದೇ ಉತ್ತರ.

ಮೂರನೆಯ ಅವಧಿ: ಹರಿಗೋಲು ಮತ್ತು ಡಯಾಪರ್

ಈ ಅವಧಿಯಲ್ಲಿ ಉಂಗುರ ಮಾಡುವ ಕೆಲಸ ಮತ್ತು ಪಾಲಿಮರ್ ಮಾಡುವ ಕೆಲಸ ಎರಡನ್ನೂ ನೋಡುತ್ತೇವೆ.

ಬ್ರೋಮೋ ಆಲ್ಕೇನ್ ಸಾವಯವ ದ್ರಾವಕದಲ್ಲಿದೆ. ಪೊಟ್ಯಾಸಿಯಂ ಸಯನೈಡ್ ಅದರಲ್ಲಿ ಕರಗದು. ಎರಡೂ ಭೇಟಿಯಾಗದಿದ್ದರೆ ಕ್ರಿಯೆ ನಡೆಯದು. ಸ್ವಲ್ಪ ಕ್ರೌನ್ ಈಥರ್ ಹಾಕಿದರೆ ಅದು ಪೊಟ್ಯಾಸಿಯಂ ಅನ್ನು ಹಿಡಿದು ದ್ರಾವಕಕ್ಕೆ ಬರುತ್ತದೆ. ವಿದ್ಯುದಾವೇಶ ಸರಿದೂಗಲು ಸಯನೈಡ್ ಜೊತೆಗೇ ಬರಬೇಕು. ಕ್ರಿಯೆ ಮುಗಿದ ಮೇಲೆ ಬ್ರೋಮೈಡ್‌ನೊಂದಿಗೆ ಮರಳಿ, ಅದನ್ನು ಬಿಟ್ಟು ಇನ್ನೊಂದು ಸಯನೈಡ್ ತರುತ್ತದೆ. ಹರಿಗೋಲಿನ ಹೋಲಿಕೆ ಇಲ್ಲಿ ಚೆನ್ನಾಗಿ ಒಪ್ಪುತ್ತದೆ. ಉಂಗುರ ಹರಿಗೋಲು, ಪೊಟ್ಯಾಸಿಯಂ ಅಂಬಿಗ. ಹೋಗುವಾಗ ಪ್ರಯಾಣಿಕ ಸಯನೈಡ್, ಬರುವಾಗ ಬ್ರೋಮೈಡ್. ನೂರಾರು ಜನ ದಾಟಲು ನೂರಾರು ಹರಿಗೋಲು ಬೇಡ, ಕೆಲವೇ ಸಾಕು. ಕ್ರಿಯಾವರ್ಧಕ ಅತಿ ಕಡಿಮೆ ಪ್ರಮಾಣದಲ್ಲಿ ಏಕೆ ಸಾಕು ಎಂಬುದನ್ನು ಇದಕ್ಕಿಂತ ಸುಲಭವಾಗಿ ಹೇಳಲು ನನಗೆ ತಿಳಿದಿಲ್ಲ.

ಹಿಂದಿನ ದಿನದ ಅಭ್ಯಾಸದಂತೆ ಈ ಹೋಲಿಕೆಯ ಮಿತಿಯನ್ನೂ ಮಕ್ಕಳಿಗೇ ಕೇಳಿ. ಹರಿಗೋಲಿನಲ್ಲಿ ನದಿ ದಾಟಿದ ಪ್ರಯಾಣಿಕ ಮೊದಲಿನಂತೆಯೇ ಇರುತ್ತಾನೆ. ಆದರೆ ನೀರನ್ನು ಬಿಟ್ಟು ಸಾವಯವ ದ್ರಾವಕಕ್ಕೆ ಬಂದ ಸಯನೈಡ್‌ನ ಸುತ್ತ ಮೊದಲಿದ್ದ ನೀರಿನ ಮುತ್ತಿಗೆ ಇಲ್ಲ. ಅದು ಹೆಚ್ಚು ಚುರುಕಾಗುತ್ತದೆ. ಅಂದರೆ ಉಂಗುರ ಸಾಗಣೆ ಮಾತ್ರ ಮಾಡುವುದಿಲ್ಲ, ಪ್ರಯಾಣಿಕನ ಸ್ವಭಾವವನ್ನೂ ಬದಲಿಸುತ್ತದೆ.

ಎಚ್ಚರಿಕೆ: ಸಯನೈಡ್, ಬೆಂಜೀನ್ ಮತ್ತು ಕ್ರೌನ್ ಈಥರ್‌ಗಳು ವಿಷಕಾರಿ. ಇವುಗಳ ಯಾವ ಪ್ರಯೋಗವನ್ನೂ ತರಗತಿಯಲ್ಲಿ ಮಾಡಬಾರದು, ಚಿತ್ರ ಸಾಕು.

ಕ್ರೌನ್ ಈಥರ್ ದುಬಾರಿ. ಅದಕ್ಕೇ ಕೈಗಾರಿಕೆಗಳಲ್ಲಿ ಇದೇ ಕೆಲಸಕ್ಕೆ ಅಗ್ಗದ ಚತುರ್ಥಕ ಅಮೋನಿಯಂ ಲವಣಗಳನ್ನು ಹೆಚ್ಚಾಗಿ ಬಳಸುತ್ತಾರೆ. ಇನ್ನೊಂದು ಉಪಾಯವೆಂದರೆ ಕ್ರಿಯಾವರ್ಧಕವನ್ನು ಪಾಲಿಮರ್ ಮಣಿಗಳಿಗೆ ಕಟ್ಟಿಹಾಕುವುದು. ಕ್ರಿಯೆ ಮುಗಿದ ಮೇಲೆ ಸೋಸಿದರೆ ಮಣಿಗಳು ಹಾಗೇ ಮರಳಿ ಸಿಗುತ್ತವೆ. ಮೊದಲ ದಿನ ಉಂಗುರದ ಎದುರಾಳಿಯಾಗಿದ್ದ ಸರಪಳಿ ಇಲ್ಲಿ ಅದಕ್ಕೆ ಆಸರೆಯಾಗುತ್ತದೆ. ಪಾಲಿಮರ್ ಎಂದರೆ ಪ್ಲಾಸ್ಟಿಕ್ ಚೀಲ ಮಾತ್ರವಲ್ಲ, ತನ್ನ ಮೈಮೇಲಿನ ಗುಂಪುಗಳಿಂದ ಕೆಲಸ ಮಾಡುವ ವಸ್ತುವೂ ಹೌದು. ಬೋರ್‌ವೆಲ್‌ನ ಗಡಸು ನೀರನ್ನು ಮೆದುಗೊಳಿಸುವ ಯಂತ್ರದಲ್ಲಿ ಸಲ್ಫೋನಿಕ್ ಗುಂಪುಗಳಿರುವ ಪಾಲಿಸ್ಟೈರೀನ್ ಮಣಿಗಳಿವೆ. ಅವು ಸೋಡಿಯಂ ಕೊಟ್ಟು ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದುಕೊಳ್ಳುತ್ತವೆ. ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಮತ್ತೆ ಸಿದ್ಧ. ಸೋಡಿಯಂ ಬದಲು ಹೈಡ್ರೋಜನ್ ಅಯಾನು ಇರುವ ಅದೇ ಬಗೆಯ ಮಣಿಗಳು ಎಸ್ಟರ್ ತಯಾರಿಕೆಯಲ್ಲಿ ಘನ ಆಮ್ಲ ಕ್ರಿಯಾವರ್ಧಕಗಳಾಗುತ್ತವೆ.

ಡಯಾಪರ್ ಚಟುವಟಿಕೆ: ಒಂದು ಹೊಸ ಡಯಾಪರನ್ನು ಪ್ಲಾಸ್ಟಿಕ್ ಕವರಿನೊಳಗೇ ಹರಿದು ಅದರ ಬಿಳಿ ಪುಡಿಯನ್ನು ಉದುರಿಸಿಕೊಳ್ಳಿ. ಪುಡಿ ಮೂಗಿಗೆ ಹೋಗದಂತೆ ನೋಡಿಕೊಳ್ಳಿ. ಎರಡು ಗಾಜಿನ ಲೋಟಗಳಲ್ಲಿ ಅರ್ಧ ಚಮಚ ಪುಡಿ ಹಾಕಿ ನೀರು ಸುರಿಯಿರಿ. ಕ್ಷಣದಲ್ಲಿ ಗಟ್ಟಿಯಾಗುತ್ತದೆ, ಲೋಟ ಬೋರಲು ಹಾಕಿದರೂ ಬೀಳದು. ಈಗ ಒಂದಕ್ಕೆ ಒಂದು ಚಮಚ ಅಡುಗೆ ಉಪ್ಪು, ಇನ್ನೊಂದಕ್ಕೆ ಅಷ್ಟೇ ಸಕ್ಕರೆ ಹಾಕಿ ಕಲಕಿ. ಉಪ್ಪು ಹಾಕಿದ್ದು ನೀರು ಬಿಟ್ಟು ತೆಳುವಾಗುತ್ತದೆ. ಸಕ್ಕರೆ ಹಾಕಿದ್ದು ಹಾಗೆ ಸಡಿಲವಾಗದು.

ಇದು ಸೋಡಿಯಂ ಪಾಲಿಅಕ್ರಿಲೇಟ್. ಸರಪಳಿಯ ಉದ್ದಕ್ಕೂ ಋಣಾವೇಶದ ಗುಂಪುಗಳಿವೆ, ಅವುಗಳ ಸೋಡಿಯಂ ಅಯಾನುಗಳು ಜಾಲದೊಳಗೇ ಉಳಿಯಬೇಕು. ಒಳಗೆ ಅಯಾನು ಹೆಚ್ಚು, ಹೊರಗೆ ಕಡಿಮೆ. ಆದ್ದರಿಂದ ಅಭಿಸರಣದಿಂದ ನೀರು ಒಳಗೆ ನುಗ್ಗುತ್ತದೆ. ಸರಪಳಿಗಳನ್ನು ಅಲ್ಲಲ್ಲಿ ಅಡ್ಡಬಂಧಗಳು ಹೊಲಿದಿರುವುದರಿಂದ ಅದು ಉಬ್ಬುತ್ತದೆ, ಕರಗಿ ಹೋಗದು. ಶುದ್ಧ ನೀರನ್ನಾದರೆ ತನ್ನ ತೂಕದ ಕೆಲವು ನೂರು ಪಟ್ಟು ಹೀರಬಲ್ಲದು. ಹೊರಗೆ ಉಪ್ಪು ಹಾಕಿದರೆ ಒಳಗೂ ಹೊರಗೂ ಇದ್ದ ಅಯಾನಿನ ವ್ಯತ್ಯಾಸ ಕುಗ್ಗಿ ನೀರು ಹೊರಬರುತ್ತದೆ. ಸಕ್ಕರೆಗೆ ಆವೇಶವಿಲ್ಲ, ಅದು ಜಾಲದೊಳಕ್ಕೂ ಸೇರಿಕೊಳ್ಳುವುದರಿಂದ ಅಂಥ ವ್ಯತ್ಯಾಸ ಮೂಡುವುದಿಲ್ಲ. ಚಟುವಟಿಕೆ ಮುಗಿದ ಮೇಲೆ ಲೋಳೆಯನ್ನು ಸಿಂಕಿಗೆ ಸುರಿಯಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಕಸದ ಬುಟ್ಟಿಗೆ ಹಾಕಿ.

ಮೌಲ್ಯಮಾಪನ

ನಾನು ಬಳಸಿದ ಪ್ರಶ್ನೆಗಳು ಇವು:

1. ದ್ರಾವಣದ ಸಾರತೆಯನ್ನು ನೂರರಲ್ಲಿ ಒಂದಕ್ಕೆ ಇಳಿಸಿದರೆ ಉಂಗುರ ಮತ್ತು ಸರಪಳಿಯ ವೇಗಗಳ ಅನುಪಾತ ಎಷ್ಟು ಪಟ್ಟು ಬದಲಾಗುತ್ತದೆ?
2. 15-ಕ್ರೌನ್-5 ಸೋಡಿಯಂಗೆ ‘ಸರಿಯಾದ ಅಳತೆ’. ಆದರೂ 18-ಕ್ರೌನ್-6ರಲ್ಲಿ ಸೋಡಿಯಂ ಹೆಚ್ಚು ಬಿಗಿಯಾಗಿದೆ. ಎರಡು ಕಾರಣ ಕೊಡಿ.
3. ಬಳೆ, ಹರಿಗೋಲು, ದಾರ: ಇವುಗಳಲ್ಲಿ ಒಂದನ್ನು ಆರಿಸಿ, ಅದು ಸರಿಯಾಗಿ ತೋರಿಸುವ ಒಂದು ಅಂಶವನ್ನೂ ತೋರಿಸದ ಒಂದು ಅಂಶವನ್ನೂ ಬರೆಯಿರಿ.
4. ಡಯಾಪರ್ ತಯಾರಕರು ಶುದ್ಧ ನೀರಿನಿಂದ ಮಾತ್ರ ಪರೀಕ್ಷೆ ಮಾಡಿದರೆ ಸಾಕೇ? ಏಕೆ?

ಮೂರನೆಯ ಪ್ರಶ್ನೆಯ ಉತ್ತರಗಳೇ ಹೆಚ್ಚು ಮಾಹಿತಿ ಕೊಡುತ್ತವೆ. ನಾವು ತರಗತಿಯಲ್ಲಿ ಹೇಳದ ಮಿತಿಯೊಂದನ್ನು ಒಬ್ಬ ವಿದ್ಯಾರ್ಥಿ ಬರೆದಿದ್ದ: ಬಳೆ ತೊಡಿಸಲು ಬಳೆಗಾರ ಬೇಕು, ಅಯಾನಿಗೆ ಯಾರೂ ತೊಡಿಸುವುದಿಲ್ಲ, ಅದು ಬರುತ್ತಲೂ ಹೋಗುತ್ತಲೂ ಇರುತ್ತದೆ. ಸಮತೋಲನದ ಪರಿಕಲ್ಪನೆ ಅವನಿಗೆ ದಕ್ಕಿದೆ ಎಂಬುದಕ್ಕೆ ಬೇರೆ ಪ್ರಶ್ನೆ ಬೇಕಿಲ್ಲ. ನಾಲ್ಕನೆಯದಕ್ಕೆ ಹೆಚ್ಚಿನವರು ಸರಿಯಾಗಿಯೇ ಬರೆದರು: ಮೂತ್ರದಲ್ಲಿ ಉಪ್ಪಿದೆ.

ವೀಕ್ಷಕರಿಗೆ ಮತ್ತು ಪ್ರಶಿಕ್ಷಣಾರ್ಥಿಗಳಿಗೆ

ಪ್ರಶಿಕ್ಷಣಾರ್ಥಿಗಳಿಗೆ ನನ್ನ ಸಲಹೆಗಳು ನಾಲ್ಕು. ಪಾಠ ಯೋಜನೆಯಲ್ಲಿ ಹೋಲಿಕೆ ಬರೆದ ಸಾಲಿನ ಪಕ್ಕದಲ್ಲೇ ‘ಇದು ಎಲ್ಲಿ ನಿಲ್ಲುತ್ತದೆ’ ಎಂದು ಒಂದು ವಾಕ್ಯ ಬರೆಯಿರಿ. ಬರೆಯಲು ಬಾರದಿದ್ದರೆ ವಿಷಯವನ್ನು ಇನ್ನೂ ಓದಬೇಕು ಎಂದರ್ಥ. ಹೋಲಿಕೆಯನ್ನು ಪರೀಕ್ಷಿಸುವ ಅಂಕಿ ಅಥವಾ ಪ್ರಯೋಗ ಅವಧಿಯ ಅರ್ಧಕ್ಕಿಂತ ಮೊದಲೇ ಬರಲಿ. ಹಳೆಯ ನಿಯಮ ಬಿದ್ದಾಗ ಅದರ ಜಾಗಕ್ಕೆ ಷರತ್ತುಳ್ಳ ಹೊಸ ನಿಯಮವನ್ನು ಅದೇ ದಿನ ಹಲಗೆಯ ಮೇಲೆ ಬರೆಯಿರಿ. ‘ಸುಳ್ಳಾ ಮೇಡಂ’ ಎಂದು ಕೇಳಿದ ಮಗುವಿಗೆ ತರಗತಿಯ ಎದುರಿಗೇ ಶಹಬ್ಬಾಸ್ ಹೇಳಿ.

ವೀಕ್ಷಕರಾದ ನಮ್ಮ ಪಾಲಿಗೂ ಒಂದು ಕೆಲಸವಿದೆ. ಉದಾಹರಣೆಗಳೊಂದಿಗೆ ವಿವರಿಸುವ ಕೌಶಲದ ನಮೂನೆಯಲ್ಲಿ ‘ಹೋಲಿಕೆಯ ಮಿತಿಯನ್ನು ತೋರಿಸಿದರು’ ಎಂಬ ಒಂದು ಸಾಲು ಸೇರಿಸಬೇಕೆಂದು ನಮ್ಮ ವಿಭಾಗದ ಸಭೆಯಲ್ಲಿ ಪ್ರಸ್ತಾಪಿಸಿದ್ದೇನೆ. ನನ್ನೊಂದಿಗೆ ವಾದಿಸಿದ ಸಹೋದ್ಯೋಗಿ ಅದಕ್ಕೆ ಒಂದು ತಿದ್ದುಪಡಿ ಸೂಚಿಸಿದರು: ‘ಮಿತಿಯನ್ನು ತೋರಿಸಿದರು ಮತ್ತು ಅವಧಿಯೊಳಗೆ ಪರಿಹರಿಸಿದರು’. ತಿದ್ದುಪಡಿ ಮೂಲಕ್ಕಿಂತ ಚೆನ್ನಾಗಿದೆ, ಒಪ್ಪಿಕೊಂಡಿದ್ದೇನೆ. ಮುಂದಿನ ಬೋಧನಾಭ್ಯಾಸದ ಅವಧಿಯಲ್ಲಿ ಈ ಸಾಲನ್ನು ಪ್ರಾಯೋಗಿಕವಾಗಿ ಬಳಸಲಿದ್ದೇವೆ. ಬೇರೆ ಕಾಲೇಜುಗಳ ಸಹೋದ್ಯೋಗಿಗಳೂ ಬಳಸಿ ನೋಡಿ, ತಮ್ಮ ವಿಷಯದ ಹೋಲಿಕೆಗಳಲ್ಲಿ ಏನಾಯಿತು ಎಂಬುದನ್ನು ಇದೇ ಪತ್ರಿಕೆಯಲ್ಲಿ ಬರೆದರೆ ಚರ್ಚೆ ಮುಂದುವರಿಯುತ್ತದೆ. ವಿದ್ಯುತ್ ಪ್ರವಾಹಕ್ಕೆ ನೀರಿನ ಕೊಳವೆ, ಪರಮಾಣುವಿಗೆ ಸೌರಮಂಡಲ, ಕಿಣ್ವಕ್ಕೆ ಬೀಗದ ಕೈ: ಪರೀಕ್ಷಿಸಬೇಕಾದ ಬಳೆಗಳು ಇನ್ನೂ ಬಹಳ ಇವೆ.